ಶರಣರ ಉಡುಗೆ: ಲಾಂಛನ ಮತ್ತು ವೇಷ

ಕಳೆದ ಬಸವ ಜಯಂತಿಯ ಮೆರವಣಿಗೆ ಮುಗಿದ ಮರುದಿನ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಹಿಂದಿನ ದಿನ ಶರಣರ ವೇಷದಲ್ಲಿ ನಡೆದಿದ್ದ ಊರಿನ ಇತರ ತರುಣರೆಲ್ಲ ಆ ಹೊತ್ತಿಗಾಗಲೇ ತಮ್ಮ ಪ್ಯಾಂಟು ಅಂಗಿಗಳಿಗೆ ಮರಳಿದ್ದರು. ಇವನು ಮಾತ್ರ ಅದೇ ಉಡುಪಿನಲ್ಲಿದ್ದ. ಕಚ್ಚೆ ಹಾಕಿದ ಬಿಳಿಯ ಧೋತರ, ಮೊಣಕಾಲು ಮುಟ್ಟುವ ನಿಲುವಂಗಿ, ಹೆಗಲಿಗೆ ಜರಿಯಂಚಿನ ಶಲ್ಯ, ತಲೆಗೆ ರುದ್ರಾಕ್ಷಿಯ ಸರ ಸುತ್ತಿದ ಕಾವಿಯ ರುಮಾಲು. ಎರಡು ವರ್ಷಗಳಿಂದ ಅವನು ನಿತ್ಯವೂ ಹೀಗೆಯೇ ಇರುತ್ತಾನೆ. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಲಗ್ನಪತ್ರಿಕೆ ಕರಪತ್ರಗಳನ್ನು ಸಿದ್ಧಪಡಿಸುವ ಒಂದು ಚಿಕ್ಕ ಅಂಗಡಿ ಅವನದು. ಅಲ್ಲಿಯೂ ಇದೇ ಉಡುಪು, ಸಂತೆಗೂ ಇದೇ, ಬಸ್ಸಿನ ಪ್ರಯಾಣಕ್ಕೂ ಇದೇ. ಹನ್ನೆರಡನೆಯ ಶತಮಾನವೆಂದರೆ ಅವನಿಗೆ ಅಷ್ಟು ಪ್ರೀತಿ. ಬಸ್ಸಿನಲ್ಲಿ ಅವನನ್ನು ಕಂಡು ಕೆಲವರು ನಗುತ್ತಾರೆ, ಕೆಲವರು ಎದ್ದು ಜಾಗ ಕೊಡುತ್ತಾರೆ, ಕೆಲವು ಹಿರಿಯ ಹೆಣ್ಣುಮಕ್ಕಳು ಕಾಲಿಗೇ ಎರಗುತ್ತಾರಂತೆ.

"ಗುರುಗಳ, ನಗೋರನ್ನ ಕಂಡ್ರ ನನಗೇನೂ ಅನ್ಸೂದಿಲ್ರಿ. ಕಾಲಿಗೆ ಬೀಳೋರನ್ನ ಕಂಡ್ರ ಅಂಜಿಕಿ ಬರತದ. ಶರಣರು ಖರೇನ ಹಿಂಗ ಉಡತಿದ್ರೇನ್ರಿ?" ಎಂದು ಅವನು ಕೇಳಿದ.

ಮೂವತ್ತು ವರ್ಷಕ್ಕೂ ಮಿಕ್ಕಿ ತರಗತಿಯಲ್ಲಿ ವಚನಗಳನ್ನು ಪಾಠ ಹೇಳಿದ ನನಗೆ ಆ ಪ್ರಶ್ನೆಗೆ ಕೂಡಲೇ ಉತ್ತರ ಕೊಡಲಾಗಲಿಲ್ಲ. ಶರಣರ ಅನುಭಾವವನ್ನು ಕುರಿತು, ಕಾಯಕವನ್ನು ಕುರಿತು, ಷಟ್‌ಸ್ಥಲವನ್ನು ಕುರಿತು ನಮ್ಮಲ್ಲಿ ಗ್ರಂಥರಾಶಿಯೇ ಇದೆ. ಅವರು ಏನನ್ನು ಉಟ್ಟಿದ್ದರು ಎಂಬ ಸಾಮಾನ್ಯ ಸಂಗತಿಯನ್ನು ನಾವು ಚಿತ್ರಕಾರರಿಗೂ ನಾಟಕದ ಮಂದಿಗೂ ಬಿಟ್ಟುಕೊಟ್ಟು ಸುಮ್ಮನಿದ್ದೇವೆ. ಆ ತರುಣನಿಗೆ ಹೇಳಬೇಕಾದುದನ್ನು ಇಲ್ಲಿ ವಾಚಕರ ಮುಂದೆ ಇಡುತ್ತೇನೆ.

ಮೊದಲು ಭಾಷೆಯ ಸಾಕ್ಷ್ಯವನ್ನು ನೋಡೋಣ. ಅದು ಎಲ್ಲರ ನಾಲಗೆಯ ಮೇಲೂ ಇರುವುದರಿಂದ ಯಾರೂ ಗಮನಿಸಿರುವುದಿಲ್ಲ. ಉಡುಗೆ ತೊಡುಗೆ ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ, ಆದರೆ ಇವು ಎರಡು ಬೇರೆ ಕ್ರಿಯೆಗಳು. ಸೀರೆಯನ್ನು ಉಡುತ್ತೇವೆ, ಧೋತರವನ್ನು ಉಡುತ್ತೇವೆ, ಕಂಬಳಿಯನ್ನು ಹೊದೆಯುತ್ತೇವೆ, ರುಮಾಲನ್ನು ಸುತ್ತುತ್ತೇವೆ, ಅಂಗಿಯನ್ನು ಮಾತ್ರ ತೊಡುತ್ತೇವೆ. ಅಂಗಿಯನ್ನು ಉಟ್ಟೆನೆಂದು ಹಳ್ಳಿಯ ಮಗುವೂ ಹೇಳುವುದಿಲ್ಲ. ಮಗ್ಗದಿಂದ ಇಳಿದ ಬಟ್ಟೆಯನ್ನು ಕತ್ತರಿ ಸೂಜಿ ಮುಟ್ಟಿಸದೆ ಮೈಗೆ ಅಳವಡಿಸಿಕೊಳ್ಳುವುದು ಉಡುವುದು. ಪ್ರಾಚೀನ ಕಾವ್ಯಗಳಲ್ಲಿ ತೊಡುಗೆಯೆಂದರೆ ಮುಖ್ಯವಾಗಿ ಒಡವೆ, ಆಭರಣ. ಹೊಲಿದ ವಸ್ತ್ರ ವ್ಯಾಪಕವಾಗಿ ಬಂದಾಗ ನಮ್ಮ ಭಾಷೆ ಅದನ್ನು ಉಡುಗೆಯ ಕಡೆಗೆ ಸೇರಿಸದೆ ಒಡವೆಯ ಕಡೆಗೆ ಸೇರಿಸಿತು. ಹೊಲಿಗೆಯೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಕುಪ್ಪಸವೆಂಬ ಮಾತು ಸಂಸ್ಕೃತದ ಕೂರ್ಪಾಸದಿಂದ ಬಂದು ಕನ್ನಡದಲ್ಲಿ ಬಹು ಹಿಂದೆಯೇ ನೆಲೆಗೊಂಡಿತ್ತು. ಆದರೆ ಉಡುವುದು ನಿಯಮ, ತೊಡುವುದು ವಿಶೇಷ ಎಂಬ ಕಾಲವೊಂದಿತ್ತು ಎಂಬುದನ್ನು ಈ ಎರಡು ಕ್ರಿಯಾಪದಗಳು ಇಂದಿಗೂ ನೆನಪಿಟ್ಟುಕೊಂಡಿವೆ. ಇದೇ ಬಗೆಯಲ್ಲಿ ರುಮಾಲು, ಶಾಲು, ಜರಿ ಎಂಬ ಮಾತುಗಳನ್ನು ಬಿಡಿಸಿ ನೋಡಿದರೆ ಅವೆಲ್ಲ ಪಾರಸಿಯಿಂದ ಬಂದವೆಂದು ತಿಳಿಯುತ್ತದೆ. ನಮ್ಮ ತರುಣ ಮೈಮೇಲೆ ಧರಿಸಿದ್ದ ನಾಲ್ಕು ವಸ್ತುಗಳಲ್ಲಿ ಎರಡರ ಹೆಸರಿನಲ್ಲಿ ಪಾರಸಿಯ ಅಂಶವಿತ್ತು.

ಇನ್ನು ಶಿಲ್ಪಗಳ ಸಾಕ್ಷ್ಯ. ಕಲ್ಯಾಣ ಚಾಲುಕ್ಯರ ಕಾಲದ ದೇವಾಲಯಗಳು ನಮ್ಮ ನಾಡಿನಲ್ಲಿ ಹೇರಳವಾಗಿವೆ. 1112ರಲ್ಲಿ ದಂಡನಾಯಕ ಮಹಾದೇವನು ಕಟ್ಟಿಸಿದ ಇಟಗಿಯ ಮಹಾದೇವ ದೇವಾಲಯ, ಲಕ್ಕುಂಡಿಯ ಕಾಶಿವಿಶ್ವೇಶ್ವರ, ಡಂಬಳದ ದೊಡ್ಡಬಸಪ್ಪ, ಕುರುವತ್ತಿಯ ಮಲ್ಲಿಕಾರ್ಜುನ, ಮತ್ತು ಬಸವಕಲ್ಯಾಣಕ್ಕೆ ಸಮೀಪದಲ್ಲಿಯೇ ಇರುವ ಜಲಸಂಗಿಯ ಈಶ್ವರ ದೇವಾಲಯ. ಜಲಸಂಗಿಯ ಹೊರಗೋಡೆಯ ಮೇಲೆ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತ ನಿಂತ ಶಿಲಾಬಾಲಿಕೆಯನ್ನು ನೋಡಿದವರು ಮರೆಯಲಾರರು. ಬಸವಣ್ಣನವರು ಕಲ್ಯಾಣಕ್ಕೆ ಬರುವ ಹೊತ್ತಿಗೆ ಈ ಶಿಲ್ಪಗಳ ಕಲ್ಲು ಇನ್ನೂ ಹೊಸದಾಗಿತ್ತು. ಇವುಗಳಲ್ಲಿ ಗಂಡಾಗಲಿ ಹೆಣ್ಣಾಗಲಿ ನಡುವಿನಿಂದ ಮೇಲೆ ಹೆಚ್ಚಾಗಿ ಬಟ್ಟೆಯಿಲ್ಲದೆ, ಹಾರ, ತೋಳಬಂದಿ, ಒಡ್ಯಾಣಗಳ ಭಾರದಿಂದ ತುಂಬಿರುತ್ತಾರೆ. ನಡುವಿನ ಕೆಳಗೆ ಮೈಗೆ ಅಂಟಿದ ವಸ್ತ್ರ. ಕೆಲವೆಡೆ ಹೆಗಲಿನಿಂದ ಇಳಿದ ಉತ್ತರೀಯ.

ಆದರೆ ಕಲ್ಲಿನ ಮಾತನ್ನು ಇದ್ದಕ್ಕಿದ್ದಂತೆ ನಂಬಲಾಗದು. ನವಿರಾದ ಬಟ್ಟೆಯನ್ನು ತೋರಿಸಲು ಶಿಲ್ಪಿಗಿದ್ದ ಉಪಾಯ ಒಂದೇ: ಬಟ್ಟೆಯ ಅಂಚು ಎಲ್ಲಿ ಮುಗಿಯುತ್ತದೆಯೋ ಅಲ್ಲಿ ಒಂದು ಸಣ್ಣ ಗೆರೆ. ಕಣ್ಣು ಪಳಗದವನಿಗೆ ಬರಿಮೈ ಎಂದು ಕಂಡುದು ಹತ್ತಿರ ಹೋಗಿ ನೋಡಿದಾಗ ಕಾಲಿನ ಹರಡಿನವರೆಗೆ ಇಳಿದ ವಸ್ತ್ರವೆಂದು ಗೊತ್ತಾಗುತ್ತದೆ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಈ ಗೋಡೆಗಳ ಮೇಲೆ ನಿಂತವರು ದೇವತೆಗಳು, ಅಪ್ಸರೆಯರು, ಅರಸುಮಕ್ಕಳು, ನರ್ತಕಿಯರು. ದೇವಾಲಯ ಕಟ್ಟಿಸಿದವರು ದಂಡನಾಯಕರು, ಅರಸಿಯರು. ಅವರ ಕಣ್ಣಿಗೆ ಚೆಲುವಾದುದೇ ಕಲ್ಲಿಗೆ ಬಂದಿದೆ. ಕಟ್ಟಿಗೆ ಹೊತ್ತು ಮಾರಿದವನು, ದೋಣಿ ನಡೆಸಿದವನು, ನೂಲು ತೆಗೆದವಳು ಉಟ್ಟ ಬಟ್ಟೆಯನ್ನು ಕೆತ್ತಲು ಯಾರೂ ಹೊನ್ನು ಕೊಡಲಿಲ್ಲ. ವೀರಗಲ್ಲುಗಳು ಮಾತ್ರ ಸ್ವಲ್ಪ ಕೆಳಗಿಳಿದು, ಊರಿನ ತುರುಗಳಿಗಾಗಿ ಮಡಿದ ಸಾಮಾನ್ಯ ಬಂಟನನ್ನು ತೋರಿಸುತ್ತವೆ. ಅವನ ಸೊಂಟದಲ್ಲಿ ಬಿಗಿದುಟ್ಟ ಗಿಡ್ಡ ಕಾಸೆ ಇರುತ್ತದೆ. ವೀರಭದ್ರನ ಉತ್ಸವಗಳಲ್ಲಿ ನಾವು ನೋಡುವ ವೀರಗಾಸೆಯ ಹೆಸರಿನಲ್ಲಿ ಉಳಿದಿರುವುದು ಈ ಕಾಸೆಯೇ.

ಗ್ರಂಥಸಾಕ್ಷ್ಯದ ಸ್ಥಿತಿಯೂ ಇದೇ. 1126ರಿಂದ 1138ರವರೆಗೆ ಆಳಿದ ಭೂಲೋಕಮಲ್ಲ ಮೂರನೆಯ ಸೋಮೇಶ್ವರನು ಬರೆದ 'ಮಾನಸೋಲ್ಲಾಸ'ದ ನೂರು ಅಧ್ಯಾಯಗಳಲ್ಲಿ ವಸ್ತ್ರೋಪಭೋಗವೆಂಬುದೂ ಒಂದು. ಹತ್ತಿ, ರೇಷ್ಮೆ, ನಾರು, ಉಣ್ಣೆ ಎಂಬ ಬಟ್ಟೆಯ ಜಾತಿಗಳನ್ನೂ, ಚೋಳದೇಶ, ನಾಗಪಟ್ಟಣ, ಕಳಿಂಗ, ವಂಗ, ಮಹಾಚೀನ ಮೊದಲಾದ ಕಡೆಗಳಿಂದ ಬಂದ ವಸ್ತ್ರಗಳನ್ನೂ, ಯಾವ ಋತುವಿನಲ್ಲಿ ಅರಸನು ಎಂಥದನ್ನು ಧರಿಸಬೇಕೆಂಬುದನ್ನೂ ಅದರಲ್ಲಿ ಬಹು ಪ್ರೀತಿಯಿಂದ ವಿವರಿಸಿದ್ದಾನೆ. ಬಸವಣ್ಣನವರ ಬಾಲ್ಯಕಾಲದ ಕಲ್ಯಾಣದಲ್ಲಿ ಎಂಥ ಬಟ್ಟೆಗಳು ಮಾರಾಟಕ್ಕೆ ಬರುತ್ತಿದ್ದವೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಆಕರ ನಮಗಿಲ್ಲ. ಹೆಸರೇ ಹೇಳುವಂತೆ ಇದು ಉಪಭೋಗದ ಶಾಸ್ತ್ರ; ಅರಸನ ಪೆಟ್ಟಿಗೆಯಲ್ಲಿ ಏನಿತ್ತೆಂಬುದನ್ನು ಹೇಳುತ್ತದೆ, ಆ ಪೆಟ್ಟಿಗೆಯನ್ನು ಹೊತ್ತವನ ಹೆಗಲ ಮೇಲೆ ಏನಿತ್ತೆಂಬುದನ್ನು ಹೇಳುವುದಿಲ್ಲ.

ಚಾಲುಕ್ಯರ ರಾಜಧಾನಿಯ ಉಡುಗೆಯ ಕೀರ್ತಿ ಎಷ್ಟು ದೂರ ಹಬ್ಬಿತ್ತೆಂಬುದಕ್ಕೆ ಒಂದು ಸ್ವಾರಸ್ಯವಾದ ನಿದರ್ಶನವಿದೆ. 1148ರಲ್ಲಿ ಆರಂಭಿಸಿ 1150ರ ಹೊತ್ತಿಗೆ ಕಲ್ಹಣನು ಮುಗಿಸಿದ 'ರಾಜತರಂಗಿಣಿ'ಯ ಏಳನೆಯ ತರಂಗದಲ್ಲಿ ಕಾಶ್ಮೀರದ ಅರಸ ಹರ್ಷನ ವೃತ್ತಾಂತ ಬರುತ್ತದೆ. 1089ರಿಂದ 1101ರವರೆಗೆ ಆಳಿದ ಈ ವಿಲಾಸಿ ಅರಸನಿಗೆ ದಕ್ಷಿಣದ ಶೃಂಗಾರದ ರೀತಿ ಬಲು ಮೆಚ್ಚಿಗೆಯಾಗಿತ್ತಂತೆ. ತನ್ನ ಆಸ್ಥಾನಿಕರನ್ನು ಆ ರೀತಿಯಲ್ಲಿ ಅಲಂಕರಿಸಿ ನೋಡಿದನು. ಕರ್ಣಾಟದ ಮಾದರಿಯಲ್ಲಿ ನಾಣ್ಯವನ್ನೂ ಹೊಡೆಯಿಸಿದನು. ಕರ್ಣಾಟದ ಅರಸನ ರಾಣಿ ಚಂದಲೆಯ ಚಿತ್ರವನ್ನು ನೋಡಿಯೇ ಮರುಳಾದನೆಂದೂ ಕಲ್ಹಣನು ಕುಚೋದ್ಯವಾಗಿ ಹೇಳುತ್ತಾನೆ. ಕಾಣದ ನಾಡೊಂದನ್ನು ಮೆಚ್ಚಿ ಅದರ ಉಡುಗೆಯನ್ನು ತನ್ನ ನಾಡಿನಲ್ಲಿ ಧರಿಸಿದವರು ಆಗಲೂ ಇದ್ದರು.

ನಮ್ಮ ಪರಂಪರೆ ಇದಕ್ಕೆ ವಿರುದ್ಧ ದಿಕ್ಕಿನ ಪ್ರಯಾಣವೊಂದನ್ನು ಹೇಳುತ್ತದೆ. ಕಾಶ್ಮೀರದ ಅರಸನಾಗಿದ್ದವನು ಶರಣರ ಕೀರ್ತಿಯನ್ನು ಕೇಳಿ, ರಾಜ್ಯವನ್ನು ತೊರೆದು, ಮಡದಿಯೊಡನೆ ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರಿ ಬದುಕಿದ; ಅವನೇ ಮೋಳಿಗೆಯ ಮಾರಯ್ಯ. ಚರಿತ್ರಕಾರರು ಈ ಕಥೆಯನ್ನು ಹೇಗೆ ಅಳೆಯುತ್ತಾರೋ ಅಳೆಯಲಿ. ಹರ್ಷನು ಕಲ್ಯಾಣದಿಂದ ಬೇಡಿದುದು ಅಲಂಕಾರವನ್ನು. ಮಾರಯ್ಯ ಕಲ್ಯಾಣಕ್ಕೆ ಬಂದು ಹೊತ್ತುದು ಸೌದೆಯ ಹೊರೆಯನ್ನು. ಮಾರಯ್ಯನ ಚಿತ್ರ ಬರೆಯುವವರು ಇಂದಿಗೂ ಅವನ ಸೌದೆಯ ಹೊರೆಯ ಕೆಳಗೆ ಜರಿಯಂಚಿನ ಧೋತರವನ್ನೇ ಉಡಿಸುತ್ತಾರೆ ಎಂಬುದು ಬೇರೆಯ ಮಾತು.

ಹಾಗಾದರೆ ನಾವು ಶರಣರ ಉಡುಗೆಯೆಂದು ತಿಳಿದಿರುವುದು ಬಂದುದು ಎಲ್ಲಿಂದ? ಹೊಲಿದ ಉದ್ದನೆಯ ಅಂಗಿ ಮತ್ತು ಎತ್ತರದ ತಲೆಯುಡುಪು ದಕ್ಷಿಣದ ಆಸ್ಥಾನಗಳ ಸಾಮಾನ್ಯ ಉಡುಪಾದುದು ವಿಜಯನಗರದ ಕಾಲದಲ್ಲಿ. ಕಬಾಯಿ ಮತ್ತು ಕುಲಾವಿ ಎಂದು ಅವುಗಳ ಹೆಸರು. ಪಶ್ಚಿಮದ ಇಸ್ಲಾಮೀ ಆಸ್ಥಾನಗಳ ಸಂಪರ್ಕದಿಂದ ಬಂದ ಇವನ್ನು ವಿಜಯನಗರದ ಪ್ರಭುಗಳು ಗೌರವದ ಉಡುಪೆಂದು ಸ್ವೀಕರಿಸಿದರು. ಹದಿನಾರನೆಯ ಶತಮಾನದ ಲೇಪಾಕ್ಷಿಯ ಚಾವಣಿಯ ಚಿತ್ರಗಳಲ್ಲಿ ಎತ್ತರದ ಕುಲಾವಿ ಧರಿಸಿ ನಿಂತ ಗಣ್ಯರನ್ನು ಇಂದಿಗೂ ಕಾಣಬಹುದು. ಕುಲಾವಿ ಕನ್ನಡದಲ್ಲಿ ಈಗ ಕೂಸಿನ ತಲೆಗೆ ಇಳಿದಿದೆ! ಅಂದರೆ ಬಸವಣ್ಣನವರಿಗೆ ನಾವು ತೊಡಿಸುವ ನಿಲುವಂಗಿಯು ಅವರಿಗೂ ಅದಕ್ಕೂ ನಡುವೆ ಹಲವು ತಲೆಮಾರುಗಳ ಅಂತರವಿರುವ ವಸ್ತು. ಮಠಗಳಲ್ಲಿ ಬಳಕೆಯಲ್ಲಿರುವ ಕಫನಿಯ ಹೆಸರು ಅರಬ್ಬಿಯ ಕಫನ್ ಎಂಬ ಮಾತಿನಿಂದ ಬಂದುದು. ಫಕೀರರ ನಿಲುವಂಗಿಗೂ ಇದೇ ಹೆಸರು. ಪೂಜ್ಯರು ಇದನ್ನು ಆಕ್ಷೇಪವೆಂದು ಭಾವಿಸಬಾರದು. ಯಾವ ಬಟ್ಟೆ ಯಾರ ಮೂಲಕ ಬಂದರೇನು, ಲೋಕವನ್ನು ತೊರೆದವರ ಉಡುಪು ಮತಗಳ ಗಡಿಯನ್ನು ದಾಟಿ ಒಬ್ಬರಿಂದೊಬ್ಬರಿಗೆ ಸಂದಿದೆ ಎಂಬುದು ನನ್ನ ಮಟ್ಟಿಗೆ ಸಂತೋಷದ ವಿಷಯ.

ಬಸವಣ್ಣನವರ ಕಾಲದ್ದೇ ಎಂದು ನಿಸ್ಸಂಶಯವಾಗಿ ಹೇಳಬಹುದಾದ ಅವರ ಭಾವಚಿತ್ರ ನಮಗೆ ದೊರೆತಿಲ್ಲ. ಅವರ ವಂಶದ ಉಲ್ಲೇಖವಿರುವ ಅರ್ಜುನವಾಡದ ಶಾಸನ 1260ರದು. ಅದೂ ರೂಪದ ಮಾತನ್ನು ಆಡುವುದಿಲ್ಲ. ಆ ಬರಿದಾದ ಜಾಗವನ್ನು ತುಂಬಿದವರು ಕಂಪನಿ ನಾಟಕದವರು ಮತ್ತು ಅಚ್ಚಿನ ಚಿತ್ರದವರು. 1894ರಲ್ಲಿ ಆರಂಭವಾದ ರವಿವರ್ಮನ ಮುದ್ರಣಾಲಯದಿಂದ ದೇವದೇವಿಯರ ಬಣ್ಣದ ಚಿತ್ರಗಳು ಮನೆಮನೆಯ ಗೋಡೆಗೆ ಬಂದ ಮೇಲೆ, ಪುರಾಣಕಾಲದ ಹೆಣ್ಣೆಂದರೆ ನೆರಿಗೆ ಹಿಡಿದು ಸೆರಗು ಹೊದ್ದ ಸೀರೆ, ಗಂಡೆಂದರೆ ಕಿರೀಟ ಪೀತಾಂಬರ ಎಂಬ ಕಲ್ಪನೆ ನಾಡಿನುದ್ದಕ್ಕೂ ಬೇರೂರಿತು. ನಾಟಕದ ಮಖಮಲ್ಲು, ಹೊಳೆಯುವ ಚಮಕಿ ಅದಕ್ಕೆ ಸೇರಿದವು. 1959ರಲ್ಲಿ 'ಜಗಜ್ಯೋತಿ ಬಸವೇಶ್ವರ' ತೆರೆಗೆ ಬಂದಾಗ ಈ ರೂಪ ಜನಮನದಲ್ಲಿ ಆಗಲೇ ಸಿದ್ಧವಾಗಿತ್ತು.

ಈ ಅಪರಾಧದಲ್ಲಿ ನನ್ನ ಪಾಲೂ ಇದೆ. ಶಾಲೆಯ ವಾರ್ಷಿಕೋತ್ಸವಗಳಿಗೆ ನಾನೇ ಆಡಿಸಿದ ಶರಣರ ನಾಟಕಗಳಲ್ಲಿ ಬಿಜ್ಜಳನಿಗೂ ಬಸವಣ್ಣನವರಿಗೂ ಹೊಂದುವಂತೆ ಒಂದೇ ಮಖಮಲ್ಲಿನ ಅಂಗಿಯನ್ನು ಹೊಲಿಸಿದ್ದೆ. ಒಬ್ಬನ ಪ್ರವೇಶ ಮುಗಿದೊಡನೆ ಪರದೆಯ ಹಿಂದೆ ಇನ್ನೊಬ್ಬನಿಗೆ ತೊಡಿಸುತ್ತಿದ್ದೆವು. ಖರ್ಚು ಉಳಿಯಿತೆಂದು ಅಂದು ಸಂತೋಷಪಟ್ಟಿದ್ದೆ. ಇಂದು ಯೋಚಿಸಿದರೆ, ನಮ್ಮ ಚಿತ್ರಕಾರರೆಲ್ಲ ಮಾಡಿರುವುದೂ ಅದೇ. ಶರಣರ ಕಾಲದ ಉಡುಗೆಯೆಂದು ನಮಗೆ ವಿವರವಾಗಿ ಗೊತ್ತಿರುವುದೆಲ್ಲ ಅರಮನೆಯ ಉಡುಗೆ. ಆ ಕಾಲವನ್ನು ಪ್ರೀತಿಸಿ ಅದನ್ನು ಮೈಮೇಲೆ ಧರಿಸುತ್ತೇನೆಂದು ಹೊರಟವನು ತನಗೆ ಅರಿವಿಲ್ಲದೆ ಬಿಜ್ಜಳನ ಪೆಟ್ಟಿಗೆಗೆ ಕೈಹಾಕುತ್ತಾನೆ.

ಕಳೆದುಹೋದ ಕಾಲವೊಂದರ ಉಡುಗೆಯನ್ನು ನಿತ್ಯಜೀವನದಲ್ಲಿ ಧರಿಸುವ ಆಸೆ ನಮ್ಮ ನಾಡಿನವರಿಗೆ ಮಾತ್ರ ಬಂದುದಲ್ಲ. ಇದರ ಅತ್ಯಂತ ಶ್ರದ್ಧಾವಂತ ಉದಾಹರಣೆ ಪಾಶ್ಚಾತ್ಯ ದೇಶಗಳಲ್ಲಿ ಸಿಗುತ್ತದೆ. ಅದನ್ನು ತುಸು ವಿಸ್ತಾರವಾಗಿ ಹೇಳಲು ಕಾರಣವಿದೆ. ನರ್ತಕಿ ಇಸಡೋರಾ ಡಂಕನ್ನಳ ಅಣ್ಣ ರೇಮಂಡ್ ಡಂಕನ್ ಎಂಬವನು 1874ರಲ್ಲಿ ಅಮೆರಿಕದಲ್ಲಿ ಹುಟ್ಟಿದವನು. 1903ರಲ್ಲಿ ಕುಟುಂಬದೊಡನೆ ಗ್ರೀಸಿಗೆ ಹೋದವನು ಪ್ರಾಚೀನ ಗ್ರೀಕರ ಜೀವನಕ್ಕೆ ಮನಸೋತು ಅವರ ಹೊಲಿಗೆಯಿಲ್ಲದ ಉಡುಪನ್ನೂ ಚಡಾವನ್ನೂ ಧರಿಸಲಾರಂಭಿಸಿದ. ಮುಂದೆ 1966ರಲ್ಲಿ ತೀರಿಕೊಳ್ಳುವವರೆಗೆ ಪ್ಯಾರಿಸ್ಸಿನ ಬೀದಿಗಳಲ್ಲಿ ಹಾಗೆಯೇ ತಿರುಗಿದ. 1910ರಲ್ಲಿ ನ್ಯೂಯಾರ್ಕಿನ ಚಳಿಗಾಲದಲ್ಲಿ ಅವನ ಪುಟ್ಟ ಮಗ ಅದೇ ತೆಳುವಾದ ಉಡುಪಿನಲ್ಲಿದ್ದುದನ್ನು ಕಂಡು ಪೋಲೀಸರು ಮಗುವನ್ನು ವಶಕ್ಕೆ ತೆಗೆದುಕೊಂಡು, ವಿಷಯ ನ್ಯಾಯಾಲಯದವರೆಗೂ ಹೋಯಿತು. ತಂದೆಯ ಪ್ರೀತಿಯ ಯುಗ ಮಗನ ಮೈಗೆ ಚಳಿಯಾಗಿ ತಟ್ಟಿತು.

ಅವನ ಬಳಗದಲ್ಲಿಯೇ ಇದ್ದ ಈವಾ ಪಾಮರ್ ಎಂಬಾಕೆಯ ಕಥೆ ಇದಕ್ಕಿಂತ ಗಹನವಾದುದು. ಆಕೆಯೂ 1874ರಲ್ಲಿ ಅಮೆರಿಕದಲ್ಲಿ ಹುಟ್ಟಿದವಳು. 1907ರಲ್ಲಿ ಗ್ರೀಕ್ ಕವಿ ಆಂಗೆಲೋಸ್ ಸಿಕೆಲಿಯಾನೋಸನನ್ನು ಮದುವೆಯಾದಳು. ಗ್ರೀಕ್ ಶಿಲ್ಪಗಳ ಉಡುಗೆಯನ್ನು ಧರಿಸಹೊರಟಾಗ ಆಕೆಗೆ ಮೊದಲು ಎದುರಾದ ಅಡ್ಡಿಯೆಂದರೆ ಅಂಗಡಿಯ ಬಟ್ಟೆ. ಗಿರಣಿಯ ಬಟ್ಟೆಯನ್ನು ಹೇಗೆ ಉಟ್ಟರೂ ಅದು ಶಿಲ್ಪದಲ್ಲಿದ್ದಂತೆ ನೆರಿಗೆಗೊಂಡು ಇಳಿಯಲಿಲ್ಲ. ಆ ನೆರಿಗೆ ಇದ್ದುದು ನೇಯ್ಗೆಯಲ್ಲಿ. ಆದುದರಿಂದ ಆಕೆ ಮಗ್ಗದ ಮುಂದೆ ಕುಳಿತು ನೇಯಲು ಕಲಿತಳು. 1952ರಲ್ಲಿ ಗ್ರೀಸಿನಲ್ಲಿಯೇ ಕಣ್ಣುಮುಚ್ಚುವವರೆಗೂ ಕೈನೇಯ್ಗೆಯನ್ನು ಬಿಡಲಿಲ್ಲ. 1927ರಲ್ಲಿ ಮತ್ತು 1930ರಲ್ಲಿ ಡೆಲ್ಫಿಯಲ್ಲಿ ನಡೆಸಿದ ಉತ್ಸವಗಳ ನಾಟಕಗಳಿಗೆ ಬೇಕಾದ ಉಡುಪುಗಳನ್ನು ತನ್ನ ಮಗ್ಗದಲ್ಲಿಯೇ ಸಿದ್ಧಪಡಿಸಿದಳು. ದಾದಾಭಾಯಿ ನವರೋಜಿಯವರ ಮೊಮ್ಮಗಳು ಖುರ್ಷಿದ್ ನವರೋಜಿ ಆ ದಿನಗಳಲ್ಲಿ ಗ್ರೀಸಿನಲ್ಲಿ ಆಕೆಯ ಗೆಳತಿಯಾಗಿದ್ದು, ಅನಂತರ ಭಾರತಕ್ಕೆ ಮರಳಿ ಗಾಂಧೀಜಿಯವರ ಚಳವಳಿಯನ್ನು ಸೇರಿದರು.

ಈವಾ ಪಾಮರಳ ಅನುಭವದಲ್ಲಿ ನನಗೆ ಕಂಡ ಸತ್ಯವಿಷ್ಟು: ಹಳೆಯ ಉಡುಗೆಯ ಬೆನ್ನುಹತ್ತಿದ ಆಕೆ ಕೊನೆಗೆ ಒಂದು ಕಾಯಕಕ್ಕೆ ಬಂದು ನಿಂತಳು. ಇಲ್ಲಿಂದ ನಾವು ಮರಳಿ ಶರಣರ ಬಳಿಗೆ ಹೋಗಬಹುದು.

ಅರಮನೆಯನ್ನು ಬಿಟ್ಟು ಅನುಭವಮಂಟಪದ ಕಡೆಗೆ ನೋಡಿದರೆ, ಬಟ್ಟೆಯ ಸಂಬಂಧವಾದ ಎಷ್ಟು ಕಾಯಕಗಳು ಅಲ್ಲಿ ನೆರೆದಿವೆ! ನೂಲು ತೆಗೆಯುವ ಕದಿರ ರೆಮ್ಮವ್ವೆ, ನೇಯುವ ಕಾಯಕದಿಂದ ಹೆಸರು ಪಡೆದ ಜೇಡರ ದಾಸಿಮಯ್ಯ, ಸೂಜಿಕಾಯಕದ ರಾಮಿತಂದೆ, ಮೈಲಿಗೆ ಒಗೆಯುವ ಮಡಿವಾಳ ಮಾಚಯ್ಯ. ಹತ್ತಿಯು ನೂಲಾಗಿ, ನೂಲು ಬಟ್ಟೆಯಾಗಿ, ಬಟ್ಟೆ ಹೊಲಿಗೆಯನ್ನು ಕಂಡು, ಮಾಸಿ, ಮತ್ತೆ ಮಡಿಯಾಗುವವರೆಗಿನ ದಾರಿಯುದ್ದಕ್ಕೂ ಒಬ್ಬೊಬ್ಬ ಶರಣರು ನಿಂತಿದ್ದಾರೆ. ರಾಮಿತಂದೆಯ ಕಾಯಕವೊಂದೇ ಸಾಕು, ಆಗ ಹೊಲಿದ ಬಟ್ಟೆ ಇತ್ತೆಂಬುದನ್ನು ತೋರಿಸಲು. ಆದರೆ ಅವನು ಯಾರಿಗೆ, ಏನನ್ನು ಹೊಲಿದು ಕೊಡುತ್ತಿದ್ದನೆಂಬುದನ್ನು ಕಲ್ಲೂ ಹೇಳದು, ಓಲೆಯೂ ಹೇಳದು. ದಾಸಿಮಯ್ಯನು ನೇಯ್ದ ಅಪೂರ್ವವಾದ ವಸ್ತ್ರವನ್ನು ಜಂಗಮನೊಬ್ಬನು ಕಣ್ಣೆದುರಿಗೇ ಹರಿದುಹಾಕಿದರೂ ಅವನು ಸಿಟ್ಟಾಗಲಿಲ್ಲವೆಂಬ, ಅದರಿಂದ ತವನಿಧಿಯನ್ನು ಪಡೆದನೆಂಬ ಕಥೆ ಎಲ್ಲರಿಗೂ ಗೊತ್ತು. ಜೇಡರ ದಾಸಿಮಯ್ಯ, ದೇವರ ದಾಸಿಮಯ್ಯ ಒಬ್ಬರೋ ಇಬ್ಬರೋ ಎಂಬ ಪಂಡಿತರ ಚರ್ಚೆಗೆ ನಾನು ಇಲ್ಲಿ ಕೈಹಾಕುವುದಿಲ್ಲ. ಬಟ್ಟೆಯನ್ನು ಹರಿಯಗೊಟ್ಟವನು ಬಟ್ಟೆಯ ಬೆಲೆ ತಿಳಿಯದವನಲ್ಲ, ಅದನ್ನು ನೇಯ್ದವನೇ ಎಂಬುದನ್ನು ಮಾತ್ರ ವಿದ್ಯಾರ್ಥಿಗಳು ಗಮನಿಸಬೇಕು.

ರೆಮ್ಮವ್ವೆಯ ವಿಷಯದಲ್ಲಿ ನಮ್ಮವರು ಸಾಕಷ್ಟು ಅರಿಯದ ಒಂದು ಚರ್ಚೆಯಿದೆ. ತಾನು ತಿರುಗಿಸುವ ರಾಟೆಯ ಭಾಗಗಳಲ್ಲಿಯೇ ಬ್ರಹ್ಮ ವಿಷ್ಣು ರುದ್ರರನ್ನು ಕಂಡು ಆಕೆ ನುಡಿದ ವಚನವೊಂದಿದೆ. ನೂಲುವ ರಾಟೆ ಭಾರತಕ್ಕೆ ಹೊರಗಿನಿಂದ ಬಂದುದೆಂದೂ, ಅದರ ಮೊದಲ ಖಚಿತ ಉಲ್ಲೇಖ 1350ರಲ್ಲಿ ಇಸಾಮಿಯು ಬಹಮನಿ ಅರಸನ ಆಶ್ರಯದಲ್ಲಿ ಬರೆದ ಪಾರಸಿ ಕಾವ್ಯದಲ್ಲಿ ಸಿಗುತ್ತದೆಂದೂ ಇತಿಹಾಸಕಾರ ಇರ್ಫಾನ್ ಹಬೀಬರು ಪ್ರತಿಪಾದಿಸಿದರು. ದಕ್ಷಿಣದ ನೇಕಾರರ ಇತಿಹಾಸವನ್ನು ಬರೆದ ವಿಜಯಾ ರಾಮಸ್ವಾಮಿಯವರು ಇದಕ್ಕೆ ಪ್ರತಿಯಾಗಿ ಮುಂದಿಟ್ಟ ಸಾಕ್ಷ್ಯ ನಮ್ಮ ರೆಮ್ಮವ್ವೆಯ ವಚನ. ವಚನಗಳ ಓಲೆಪ್ರತಿಗಳು ಹೆಚ್ಚಾಗಿ ನಂತರದ ಶತಮಾನಗಳವು. ಆದುದರಿಂದ ಎದುರು ಪಕ್ಷದವರು ಇದನ್ನು ಸುಲಭವಾಗಿ ಒಪ್ಪಲಾರರು, ಒಪ್ಪಬೇಕೆಂದು ನಾನೂ ಹಟ ಹಿಡಿಯುವುದಿಲ್ಲ. ಆದರೂ ಭಾರತದ ತಂತ್ರಜ್ಞಾನದ ಇತಿಹಾಸದಲ್ಲಿ ಒಂದು ಪ್ರಶ್ನೆಯನ್ನು ನಿರ್ಣಯಿಸಲು, ನೂಲು ತೆಗೆದು ಹೊಟ್ಟೆ ಹೊರೆದ ಒಬ್ಬ ಶರಣೆಯ ಮಾತನ್ನು ತೆಗೆದು ನೋಡಬೇಕಾಯಿತೆಂಬುದು ಸಣ್ಣ ಸಂಗತಿಯಲ್ಲ. ನೂರು ಅಧ್ಯಾಯಗಳ ರಾಜಗ್ರಂಥ ಹೇಳದೆ ಉಳಿಸಿದುದನ್ನು ಆಕೆಯ ರಾಟೆ ಹೇಳಿತು.

ಇನ್ನು ಭಕ್ತರ ಮನಸ್ಸಿಗೆ ಹತ್ತಿರವಾದ ಪ್ರಶ್ನೆಗೆ ಬರುತ್ತೇನೆ. ಶರಣರು ವೇಷವನ್ನು ನಿಂದಿಸಿದರೇ, ಗೌರವಿಸಿದರೇ? ಎರಡಕ್ಕೂ ಆಧಾರಗಳಿವೆ, ಅದರಿಂದಲೇ ಗೊಂದಲ. ವೇಷಧಾರಿಗಳನ್ನು ಅಂಬಿಗರ ಚೌಡಯ್ಯ ಹಳಿದಿರುವ ಬಗೆಯನ್ನು ಸೌಮ್ಯವಾದ ಮಾತಿನಲ್ಲಿ ಸಂಗ್ರಹಿಸುವುದೇ ಕಷ್ಟ. ಅಲ್ಲಮಪ್ರಭುಗಳ ನುಡಿಯೂ ಅಷ್ಟೇ ನಿಷ್ಠುರ. ಇನ್ನೊಂದೆಡೆ ಶಿವಲಾಂಛನವನ್ನು ಧರಿಸಿ ಬಂದವನು ಕಳ್ಳನೇ ಆಗಿದ್ದರೂ ಬಸವಣ್ಣನವರು ಅವನನ್ನು ಜಂಗಮವೆಂದೇ ಸತ್ಕರಿಸಿದ ಕಥೆಗಳಿವೆ. ಅರವತ್ಮೂರು ಪುರಾತನರಲ್ಲಿ ಒಬ್ಬನಾದ ಮೆಯ್ಪೊರುಳ್ ನಾಯನಾರನು ಭಕ್ತನ ವೇಷದಲ್ಲಿ ಬಂದ ವೈರಿಯಿಂದ ಇರಿಸಿಕೊಂಡೂ, ಅವನು ಧರಿಸಿದ್ದ ಲಾಂಛನಕ್ಕಾಗಿ ಅವನನ್ನು ಕೊಲ್ಲಗೊಡದೆ ಊರಾಚೆ ಕ್ಷೇಮವಾಗಿ ಬಿಟ್ಟುಬರುವಂತೆ ಮಾಡಿ ಅನಂತರ ಪ್ರಾಣಬಿಟ್ಟನು.

ಈ ಎರಡನ್ನೂ ಒಟ್ಟಿಗೆ ತೂಗಿ ನೋಡಿದರೆ ನನಗೆ ತೋರುವುದೇನೆಂದರೆ, ಗೌರವಿಸಿದವರೆಲ್ಲ ನೋಡುವವರ ಸ್ಥಾನದಲ್ಲಿದ್ದಾರೆ. ಚೌಡಯ್ಯನ ಏಟು ಬಿದ್ದುದು ಧರಿಸಿದವರ ಮೇಲೆ. ಲಾಂಛನವನ್ನು ಕಂಡು ನಮಿಸುವುದು ನೋಡಿದವನ ಧರ್ಮ; ಅದಕ್ಕೆ ತಕ್ಕವನಾಗಿರುವುದು ಧರಿಸಿದವನ ಹೊಣೆ. ಬಸ್ಸಿನಲ್ಲಿ ಕಾಲಿಗೆರಗಿದ ಆ ತಾಯಂದಿರಲ್ಲಿ ತಪ್ಪಿಲ್ಲ. ನಮ್ಮ ತರುಣನಿಗೆ ಬಂದ ಅಂಜಿಕೆಯಲ್ಲಿಯೂ ತಪ್ಪಿಲ್ಲ. ಆ ಅಂಜಿಕೆ ಬಂದುದೇ ಅವನ ಬಗ್ಗೆ ನನಗಿದ್ದ ಸಂದೇಹವನ್ನು ತೆಗೆದುಹಾಕಿತು.

ಲಾಂಛನವೆಂದರೆ ಯಾವುದು ಎಂಬುದನ್ನೂ ಇಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ ಇವು ಅಷ್ಟಾವರಣಗಳು. ಆವರಣವೆಂದರೆ ಹೊದಿಕೆ. ಭಕ್ತನಿಗೆ ಎಂಟು ಹೊದಿಕೆಗಳನ್ನು ಹೇಳಿದ ಧರ್ಮವು ಆ ಎಂಟರಲ್ಲಿ ಒಂದು ಬಟ್ಟೆಯನ್ನೂ ಸೇರಿಸಲಿಲ್ಲ! ವಿಭೂತಿ ರುದ್ರಾಕ್ಷಿಗಳು ಹನ್ನೆರಡನೆಯ ಶತಮಾನದ ಧೋತರದೊಡನೆ ಹೇಗೆ ಹೊಂದುತ್ತವೆಯೋ ಇಂದಿನ ಪ್ಯಾಂಟಿನೊಡನೆಯೂ ಹಾಗೆಯೇ ಹೊಂದುತ್ತವೆ. ಇಷ್ಟಲಿಂಗಕ್ಕೆ ಪಾವಡವುಂಟು, ಶಿವದಾರವುಂಟು, ಕರಡಿಗೆಯುಂಟು. ಅದನ್ನು ಧರಿಸುವವನಿಗೆ ಇಂಥದೇ ಉಡುಪೆಂಬ ಕಟ್ಟಳೆ ಇಲ್ಲ.

ಅಕ್ಕಮಹಾದೇವಿಯ ಪ್ರಸಂಗವನ್ನು ಇಲ್ಲಿ ನೆನೆಯದಿರಲಾಗದು. ಕೌಶಿಕನ ಅರಮನೆಯ ವಸ್ತ್ರವನ್ನು ಅಲ್ಲಿಯೇ ಬಿಟ್ಟು ಹೊರಟ ಆಕೆ ಕಲ್ಯಾಣಕ್ಕೆ ಬಂದಾಗ, ಸೀರೆಯನ್ನು ಬಿಟ್ಟವಳು ಕೂದಲಿನಿಂದ ಮರೆಮಾಡಿಕೊಂಡುದೇಕೆ ಎಂದು ಪ್ರಭುದೇವರು ಕೇಳುವ ಭಾಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಆ ಪ್ರಶ್ನೆಯಷ್ಟು ಕಠೋರವಾದುದು ನಮ್ಮ ಸಾಹಿತ್ಯದಲ್ಲಿ ವಿರಳ. ಬಟ್ಟೆಯನ್ನು ಬಿಡುವುದೂ ಒಂದು ವೇಷವಾಗಿಬಿಡಬಹುದೆಂಬ ಎಚ್ಚರ ಅದರಲ್ಲಿದೆ. ಅಕ್ಕನ ಉತ್ತರ ತನ್ನ ವೈರಾಗ್ಯದ ಹೆಗ್ಗಳಿಕೆಯಾಗದೆ, ನೋಡುವವರ ಮನಸ್ಸು ನೋಯದಿರಲೆಂಬ ಅಂತಃಕರಣದ ಮಾತಾಗಿದೆ. ಅದನ್ನು ಕೇಳಿದ ಸಭೆ ಆಕೆಯನ್ನು ಒಪ್ಪಿಕೊಂಡಿತು. ಇಂಥ ಅಕ್ಕನಿಗೆ ನಮ್ಮ ಮೆರವಣಿಗೆಗಳಲ್ಲಿ ಕಾವಿಯ ಪಾಲಿಯೆಸ್ಟರ್ ಸೀರೆಯನ್ನುಡಿಸಿ, ಅಂಗಡಿಯಿಂದ ತಂದ ಕಟ್ಟುಗೂದಲನ್ನು ಬೆನ್ನಿಗೆ ಇಳಿಬಿಟ್ಟು ನಡೆಸುತ್ತೇವೆ. ಪುಟ್ಟ ಹುಡುಗಿಯರು ಬಿಸಿಲಿನಲ್ಲಿ ಆ ಭಾರವನ್ನು ಹೊತ್ತು ನಡೆಯುವುದನ್ನು ಕಂಡಾಗ ಮಾತ್ರ ಮನಸ್ಸು ನೋಯುತ್ತದೆ.

1913ರಲ್ಲಿ ದಾವಣಗೆರೆಯಲ್ಲಿ ಮೃತ್ಯುಂಜಯ ಸ್ವಾಮಿಗಳೊಡನೆ ಸೇರಿ ಬಸವ ಜಯಂತಿಯ ಸಾರ್ವಜನಿಕ ಆಚರಣೆಗೆ ಅಡಿಯಿಟ್ಟ ಹರ್ಡೇಕರ ಮಂಜಪ್ಪನವರು, ಮುಂದೆ ಗಾಂಧೀಜಿಯವರ ಅನುಯಾಯಿಯಾಗಿ ಖಾದಿಯನ್ನೇ ಉಟ್ಟು ಖಾದಿಯನ್ನೇ ಬೋಧಿಸಿದರು. ಬಸವಣ್ಣನವರನ್ನು ಅಷ್ಟು ಪ್ರೀತಿಸಿದ ಅವರು ಹನ್ನೆರಡನೆಯ ಶತಮಾನದ ಉಡುಪನ್ನು ಹುಡುಕಲು ಹೋಗಲಿಲ್ಲ. ತಮ್ಮ ಕಾಲದಲ್ಲಿ ಕೈಗೆ ಸಿಕ್ಕ ರಾಟೆಯಲ್ಲಿ ಕಾಯಕವನ್ನು ಕಂಡುಕೊಂಡರು. ಅವರು ರೆಮ್ಮವ್ವೆಗೆ ನಮ್ಮೆಲ್ಲ ಚಿತ್ರಕಾರರಿಗಿಂತ ಹತ್ತಿರ ಹೋಗಿದ್ದರೆಂದು ನನ್ನ ತಿಳಿವಳಿಕೆ.

ಇಷ್ಟನ್ನೂ ನಾಲ್ಕಾರು ಸಂಜೆಗಳಲ್ಲಿ ಆ ತರುಣನಿಗೆ ಹೇಳಿದೆ. ಉಡುಪನ್ನು ಬಿಡು ಎಂದು ನಾನು ಹೇಳಲಿಲ್ಲ. ಹೇಳುವ ಅಧಿಕಾರ ನನಗಿಲ್ಲ. ಒಂದು ತಿಂಗಳ ನಂತರ ಅವನು ಮತ್ತೆ ಬಂದಾಗ ನಿಲುವಂಗಿ ಇರಲಿಲ್ಲ, ಜರಿಯ ಶಲ್ಯವೂ ಇರಲಿಲ್ಲ. ಸಾದಾ ಅಂಗಿಯ ಕೆಳಗೆ ಕೈಮಗ್ಗದ ದಪ್ಪನೆಯ ಧೋತರವನ್ನು ಉಟ್ಟಿದ್ದ. ಸಮೀಪದ ಊರಿನ ನೇಕಾರರೊಬ್ಬರ ಮನೆಗೇ ಹೋಗಿ, ಅರ್ಧ ದಿನ ಮಗ್ಗದ ಪಕ್ಕದಲ್ಲಿ ಕುಳಿತು, ಲಾಳಿ ಓಡುವುದನ್ನು ನೋಡಿ ಕೊಂಡುತಂದೆನೆಂದು ಹೇಳಿದ. ಆ ನೇಕಾರರ ಮಗ ಈಗ ಬೆಂಗಳೂರಿನಲ್ಲಿ ಕಾವಲುಗಾರನಾಗಿದ್ದಾನಂತೆ. ಮಗ್ಗದ ಮೇಲೆ ಕೂಡುವವರು ಮನೆಯಲ್ಲಿ ಇನ್ನು ಯಾರೂ ಇಲ್ಲವಂತೆ. ಬಹಳ ಹೊತ್ತು ಅದನ್ನೇ ಮಾತನಾಡಿದ. ಬಸ್ಸಿನಲ್ಲಿ ಈಗ ಯಾರೂ ಕಾಲಿಗೆ ಬೀಳುವುದಿಲ್ಲವೆಂದೂ ಹೇಳಿದ.

ತಲೆಯ ಮೇಲಿನ ರುಮಾಲು ಮಾತ್ರ ಹಾಗೆಯೇ ಇತ್ತು; ರುದ್ರಾಕ್ಷಿಯ ಸರ ಅದರಿಂದ ಇಳಿದು ಕೊರಳಿಗೆ ಬಂದಿತ್ತು. ನಾನು ರುಮಾಲಿನ ಕಡೆಗೆ ನೋಡಿದುದನ್ನು ಕಂಡು ಅವನೇ, "ಇದು ಇರ್ಲಿ ಬಿಡ್ರಿ ಗುರುಗಳ, ಬಿಸಲಿಗೆ ಬೇಕಾಗತದ" ಎಂದ.